ಎಲೆಕ್ಟ್ರಿಕ್ ಕಾರಿನ ಬ್ಯಾಟರಿ: ಆರಿಸೋದು, ಚಾರ್ಜ್ ಮಾಡೋದು, ಬಾಳಿಸೋದು

ಪೆಟ್ರೋಲ್ ಕಾರು ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮೈಲೇಜ್ ಎಷ್ಟು ಕೊಡುತ್ತೆ? ಎಲೆಕ್ಟ್ರಿಕ್ ಕಾರಾದರೆ ಅದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ: ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಈ ಎರಡನೇ ಪ್ರಶ್ನೆಯ ಹಿಂದೆ ಒಂದು ಹಳೇ ಭಯ ಇದೆ. 2001ರಲ್ಲಿ ಬೆಂಗಳೂರಲ್ಲೇ ತಯಾರಾಗಿ ರಸ್ತೆಗಿಳಿದ ರೇವಾ ಕಾರು ನೆನಪಿದೆ ಅಲ್ವಾ? ಅದರಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ, ಮನೆಯ ಯುಪಿಎಸ್‌ನಲ್ಲಿ ಇರುವ ಜಾತಿಯದ್ದೇ. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸೆಟ್ ಬದಲಿಸಬೇಕಿತ್ತು. "ಬ್ಯಾಟರಿ ಹೋದರೆ ಕಾರೇ ಹೋದ ಹಾಗೆ" ಎಂಬ ಮಾತು ಆ ಕಾಲದಿಂದಲೂ ಉಳಿದುಕೊಂಡಿದೆ.

ಈಗಿನ ಲಿಥಿಯಂ ಬ್ಯಾಟರಿ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೆ ಆಗಿಬರದ ಸಂಗತಿ ಮುಖ್ಯವಾಗಿ ಎರಡು. ಒಂದು ಬಿಸಿ, ಇನ್ನೊಂದು ಪೂರ್ತಿ ತುಂಬಿಕೊಂಡು ದಿನಗಟ್ಟಲೆ ಸುಮ್ನೆ ನಿಂತಿರುವುದು. ಇವೆರಡೂ ಒಟ್ಟಿಗೆ ಆದರೆ ಇನ್ನೂ ಕೆಟ್ಟದ್ದು. ಕೆಳಗೆ ಹೇಳುವ ಹೆಚ್ಚಿನ ಸಲಹೆಗಳು ಇಲ್ಲಿಂದಲೇ ಹುಟ್ಟಿದವು.

1. ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್‌ನಲ್ಲಿ ಹೇಳುತ್ತಾರೆ. ಗಾಬರಿ ಬೇಡ, ಅದು ಕರೆಂಟ್ ಬಿಲ್ಲಿನ ಯೂನಿಟ್ಟೇ. ಟಿಯಾಗೋದಲ್ಲಿ 19.2 ಮತ್ತು 24 ಯೂನಿಟ್, ಎಂಜಿ ವಿಂಡ್ಸರ್‌ನಲ್ಲಿ 38, ನೆಕ್ಸಾನ್‌ನ ದೊಡ್ಡ ಮಾದರಿಯಲ್ಲಿ 45, ಮಹೀಂದ್ರಾ ಬಿಇ 6ರಲ್ಲಿ 59 ಮತ್ತು 79. ನಮ್ಮ ರಸ್ತೆಗಳಲ್ಲಿ, ಎಸಿ ಹಾಕಿಕೊಂಡು, ಮಧ್ಯಮ ಗಾತ್ರದ ಕಾರು ಒಂದು ಯೂನಿಟ್‌ಗೆ 6ರಿಂದ 7.5 ಕಿಲೋಮೀಟರ್ ಓಡುತ್ತದೆ. 7 ಅಂತ ಇಟ್ಟುಕೊಳ್ಳಿ.

45 ಯೂನಿಟ್‌ನ ನೆಕ್ಸಾನ್‌ಗೆ ಕಂಪನಿ ಹೇಳುವುದು 489 ಕಿಲೋಮೀಟರ್. ಅದು ಪ್ರಯೋಗಾಲಯದ ಪರೀಕ್ಷೆಯ ಅಂಕಿ. ನಿಮ್ಮ ಲೆಕ್ಕದಲ್ಲಿ 45ನ್ನು 7ರಿಂದ ಗುಣಿಸಿದರೆ 315. ಶೇ 10ಕ್ಕಿಂತ ಕೆಳಗೆ ಇಳಿಸದೆ, ಶೇ 90ಕ್ಕಿಂತ ಮೇಲೆ ತುಂಬಿಸದೆ ಓಡಿಸಿದರೆ ಕೈಗೆ ಸಿಗುವುದು ಸುಮಾರು 250. ಶೋರೂಮ್‌ನಲ್ಲಿ ಯಾವ ಸಂಖ್ಯೆ ಹೇಳಿದರೂ ಅದರ ಅರ್ಧಕ್ಕೆ ಸ್ವಲ್ಪ ಜಾಸ್ತಿ ಅಂದುಕೊಂಡರೆ ಮೋಸ ಹೋಗುವುದಿಲ್ಲ.

ದಿನಕ್ಕೆ 40–50 ಕಿಲೋಮೀಟರ್ ಓಡುವವರಿಗೆ ಇಷ್ಟು ದೊಡ್ಡ ಬ್ಯಾಟರಿ ಬೇಕೇ? ಬೇಡ. ಆದರೆ ತಿಂಗಳಿಗೆರಡು ಸಲ ಊರಿಗೆ ಹೋಗುವವರಾದರೆ ಬೇಕು. ದೊಡ್ಡ ಬ್ಯಾಟರಿಗೆ ಇನ್ನೊಂದು ಲಾಭ ಇದೆ: ಅಷ್ಟೇ ದೂರಕ್ಕೆ ಅದು ಕಡಿಮೆ ಸಲ ಖಾಲಿಯಾಗಿ ತುಂಬುತ್ತದೆ, ಹಾಗಾಗಿ ಸವೆತವೂ ಕಡಿಮೆ. ಆದರೂ ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇದ್ದು, ಊರೊಳಗೇ ಓಡಾಟ ಎಂದಾದರೆ ಚಿಕ್ಕ ಬ್ಯಾಟರಿಯ ಕಾರು ತಗೊಳ್ಳಿ, ಉಳಿದ ದುಡ್ಡಲ್ಲಿ ಸ್ವಲ್ಪವನ್ನು ವೈರಿಂಗ್‌ಗೆ ಹಾಕಿ ಎನ್ನುವುದು ನನ್ನ ಸಲಹೆ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ವಿಂಡ್ಸರ್ ಬಂದಾಗ ಬ್ಯಾಟರಿಗೆ ಕಿಲೋಮೀಟರ್‌ಗೆ 3.50 ರೂಪಾಯಿ ಅಂದರು. ತಿಂಗಳಿಗೆ 1,500 ಕಿಲೋಮೀಟರ್ ಓಡಿಸಿದರೆ 5,250 ರೂಪಾಯಿ, ಕರೆಂಟ್ ಖರ್ಚು ಬೇರೆ. ಕಡಿಮೆ ಓಡಿಸಿದರೂ ಇಷ್ಟು ಕಿಲೋಮೀಟರಿನ ದುಡ್ಡು ಕಟ್ಟಲೇಬೇಕು ಎಂಬ ಷರತ್ತು ಇದೆಯೇ ನೋಡಿಕೊಂಡು ಸಹಿ ಹಾಕಿ.

2. ಎಲ್‌ಎಫ್‌ಪಿಯೋ, ಎನ್‌ಎಂಸಿಯೋ ಕೇಳಿ

ಶೋರೂಮ್‌ನಲ್ಲಿ ಬಣ್ಣ ಕೇಳುವ ಮೊದಲು ಇದನ್ನು ಕೇಳಬೇಕು. ಲಿಥಿಯಂ ಬ್ಯಾಟರಿಗಳಲ್ಲಿ ಕಾರಿಗೆ ಬಳಸುವುದು ಮುಖ್ಯವಾಗಿ ಎರಡು ಬಗೆ. ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ್ದು ಎಲ್‌ಎಫ್‌ಪಿ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು ಎನ್‌ಎಂಸಿ. ಟಾಟಾ ಕಾರುಗಳು, ವಿಂಡ್ಸರ್, ಬಿಇ 6 ಎಲ್‌ಎಫ್‌ಪಿ ಬಳಸುತ್ತವೆ. 2019ರಲ್ಲಿ ಬಂದ ಹುಂಡೈ ಕೋನಾ, ಮಹೀಂದ್ರಾ ಎಕ್ಸ್‌ಯುವಿ 400 ಎನ್‌ಎಂಸಿ ಕಡೆಯವು.

ಅಷ್ಟೇ ತೂಕಕ್ಕೆ ಎನ್‌ಎಂಸಿ ಜಾಸ್ತಿ ಕರೆಂಟ್ ಹಿಡಿದುಕೊಳ್ಳುತ್ತದೆ. ಎಲ್‌ಎಫ್‌ಪಿ ಜಾಸ್ತಿ ಸಲ ಚಾರ್ಜ್ ತಡೆದುಕೊಳ್ಳುತ್ತದೆ, ಕೆರಳಿ ಬೆಂಕಿ ಹೊತ್ತಿಕೊಳ್ಳಲು ಅದಕ್ಕೆ ಇನ್ನೂ ಹೆಚ್ಚು ಬಿಸಿ ಬೇಕು. ಹಾಗಂತ ಅದು ಹೊತ್ತಿಕೊಳ್ಳುವುದೇ ಇಲ್ಲ ಎಂದಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬಿಸಿಲಿಗೆ ನಾನಾದರೆ ಎಲ್‌ಎಫ್‌ಪಿಯನ್ನೇ ಆರಿಸುತ್ತೇನೆ. ಅಂದಹಾಗೆ, ಈ ಎಲ್‌ಎಫ್‌ಪಿಯನ್ನು ಜಗತ್ತಿಗೆ ತೋರಿಸಿದ 1997ರ ಪ್ರಬಂಧ ಬರೆದ ಮೂವರಲ್ಲಿ ಒಬ್ಬರು ಮುಂದೆ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ಇನ್ನಿಬ್ಬರು ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ.

ಬ್ಯಾಟರಿ ತಂಪು ಮಾಡಲು ಕೂಲಂಟ್ (ಬಿಸಿ ಹೀರುವ ದ್ರವ) ಹರಿಯುವ ವ್ಯವಸ್ಥೆ ಇದೆಯೋ, ಬರೀ ಗಾಳಿಯೋ ಎನ್ನುವುದನ್ನೂ ಕೇಳಿ. ಕೂಲಂಟ್ ವ್ಯವಸ್ಥೆ ಇಲ್ಲದ ಮೊದಲ ತಲೆಮಾರಿನ ನಿಸಾನ್ ಲೀಫ್ ಅಮೆರಿಕದ ಆರಿಜೋನಾ ಬಿಸಿಲಲ್ಲಿ ಬೇಗ ಸೊರಗಿತು. 2012ರಲ್ಲಿ ಅದು ದೊಡ್ಡ ಗಲಾಟೆಯೇ ಆಯಿತು. ನಮ್ಮ ಬಯಲುಸೀಮೆಯ ಏಪ್ರಿಲ್ ಅದಕ್ಕಿಂತ ತೀರಾ ಬೇರೆಯಲ್ಲ.

3. ಕಾರು ಮನೆಗೆ ಬರುವ ಮುಂಚೆ ವೈರಿಂಗ್

ಹದಿನೈದು ಲಕ್ಷದ ಕಾರು ಕೊಂಡು, ಹಳೇ ಪಂಪ್‌ಸೆಟ್ ಸಾಕೆಟ್‌ಗೆ ಪ್ಲಗ್ ಚುಚ್ಚುವವರು ಬಹಳ ಜನ. ಇಲ್ಲೇ ತೊಂದರೆ ಶುರುವಾಗುವುದು.

ಕಾರಿನ ಜೊತೆ ಬರುವ ಚಾರ್ಜರ್ 16 ಆಂಪ್ ಸಾಕೆಟ್‌ನಿಂದ ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ, ಆದರೆ ಕಾಲು ಗಂಟೆ. ಕಾರು ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಸಡಿಲ ಸಾಕೆಟ್, ತೆಳು ವೈರು ಅಷ್ಟು ಹೊತ್ತು ತಾಳುವುದಿಲ್ಲ, ಕರಗುತ್ತವೆ. ಆದ್ದರಿಂದ ಮೇನ್ ಬೋರ್ಡ್‌ನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ. 16 ಆಂಪ್‌ಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಲೋಡ್ ಮೀರಿದರೆ ಕರೆಂಟ್ ಕಡಿಯುವ ಒಂದು ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ, ಒಳ್ಳೆಯ ಗಟ್ಟಿ ಸಾಕೆಟ್. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್ ಬೇಕಿದ್ದರೆ ಅದು 32 ಆಂಪ್ ಎಳೆಯುತ್ತದೆ, ವೈರು 6 ಚದರ ಮಿಲಿಮೀಟರ್ ಇರಲಿ. ಮೊದಲ ರಾತ್ರಿ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ.

ಆಮೇಲೆ ಅರ್ಥಿಂಗ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಾಸನದ ಹತ್ತಿರ ನಮ್ಮ ಭಾವನ ಮನೆಯಲ್ಲಿ ಮಳೆಗಾಲ ಪೂರ್ತಿ ಸರಿಯಾಗಿ ಚಾರ್ಜ್ ಆಗುತ್ತಿದ್ದ ಕಾರು ಏಪ್ರಿಲ್ ಬಂದ ಕೂಡಲೇ ಹಟ ಹಿಡಿಯಿತು. ಗನ್ (ಕಾರಿಗೆ ಚುಚ್ಚುವ ಚಾರ್ಜರಿನ ಹಿಡಿ) ಹಾಕಿದರೆ ಚಾರ್ಜರ್ ಮೇಲೆ ಕೆಂಪು ಲೈಟು. ಊರಿನ ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್‌ಗೆ, ಇನ್ನೊಂದನ್ನು ಅರ್ಥ್‌ಗೆ ಹಿಡಿದರು. ಹನ್ನೊಂದು ವೋಲ್ಟ್ ತೋರಿಸಿತು. "ಕಾರಿಗೇನೂ ಆಗಿಲ್ಲ ಅಣ್ಣ, ಗುಂಡಿ ಒಣಗಿಹೋಗೈತೆ" ಅಂದರು. ಹಿತ್ತಲಿನ ಅರ್ಥಿಂಗ್ ಗುಂಡಿಗೆ ನಾಲ್ಕು ಬಿಂದಿಗೆ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ಎರಡು ವೋಲ್ಟ್. ಕಾರು ಚಾರ್ಜ್ ತಗೊಂಡಿತು.

ಭೂಮಿಯ ಸಂಪರ್ಕ ಸರಿಯಿಲ್ಲದಿದ್ದರೆ ಚಾರ್ಜರ್ ತಾನಾಗಿಯೇ ನಿಲ್ಲುತ್ತದೆ. ನಿಲ್ಲಬೇಕಾದದ್ದೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಬಂದರೆ ಗುಂಡಿ ನೋಡಿಸಿ. ನೀರು ಹಾಕುವುದು ಅವತ್ತಿನ ಮಟ್ಟಿಗೆ ಸರಿ. ಕಾಯಂ ಪರಿಹಾರ ಬೇಕಿದ್ದರೆ ಹೊಸ ಗುಂಡಿ ತೋಡಿಸಿ ಕೆಮಿಕಲ್ ಅರ್ಥಿಂಗ್ (ತೇವ ಹಿಡಿದಿಡುವ ಪುಡಿ ತುಂಬುವ ಬಗೆ) ಮಾಡಿಸಿ. ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್ ವೈರನ್ನೇ ಅರ್ಥ್ ಪಿನ್‌ಗೆ ಜೋಡಿಸಿ "ಸರಿಹೋಯ್ತು ಸಾರ್" ಅನ್ನುತ್ತಾರೆ. ಕಾರು ಮೋಸ ಹೋಗಿ ಚಾರ್ಜ್ ಆಗುತ್ತದೆ ನಿಜ. ಆದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಮೈಯಲ್ಲೇ ಕರೆಂಟ್ ಬರುತ್ತದೆ. ಈ ಕೆಲಸ ಮಾಡುವವರನ್ನು ಬಾಗಿಲಿಂದಲೇ ವಾಪಸ್ ಕಳಿಸಿ.

ಇನ್ನು ಬಿಲ್ಲಿನ ವಿಷಯ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ಸುಮಾರು 143 ಯೂನಿಟ್ ಬೇಕು. ಚಾರ್ಜ್ ಮಾಡುವಾಗ ಆಗುವ ನಷ್ಟ ಸೇರಿಸಿದರೆ ಮೀಟರಿನಲ್ಲಿ 157ರ ಆಸುಪಾಸು. ಮನೆಗೆ 90 ಯೂನಿಟ್ ಸಾಕಾಗುತ್ತಿದ್ದವರ ಬಳಕೆ 247 ಆಗುತ್ತದೆ. ಗೃಹಜ್ಯೋತಿ ಇದ್ದವರಿಗೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ, ಇದನ್ನು ಮೊದಲೇ ತಿಳಿದಿರಿ. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೂ ಸುಮಾರು 1,500 ರೂಪಾಯಿ ಮತ್ತು ನಿಗದಿತ ಶುಲ್ಕ. ಅದೇ ದೂರಕ್ಕೆ ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು 67 ಲೀಟರ್ ಕುಡಿಯುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಲ್ಲ ಕಡೆ ವಾಹನ ಚಾರ್ಜಿಂಗ್‌ಗೆ ಬೇರೆ ದರದ ವರ್ಗ ಇದೆ. ಅದರಡಿ ಪ್ರತ್ಯೇಕ ಮೀಟರ್ ಹಾಕಿಸಿದರೆ ಮನೆಯ ಲೆಕ್ಕ ಮನೆಗೆ, ಕಾರಿನ ಲೆಕ್ಕ ಕಾರಿಗೆ. ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ಎಂದು ಹಳೇ ಬಿಲ್ಲಿನಲ್ಲಿ ನೋಡಿ. 3 ಕಿಲೋವ್ಯಾಟ್ ಇದ್ದರೆ ಏರಿಸಿಕೊಳ್ಳಲೇಬೇಕು.

ಅಪಾರ್ಟ್‌ಮೆಂಟ್‌ನವರು ಕಾರು ಬುಕ್ ಮಾಡುವ ಮೊದಲೇ ಅಸೋಸಿಯೇಷನ್‌ಗೆ ಬರಹದಲ್ಲಿ ಅರ್ಜಿ ಕೊಡಿ. ಕಾರು ಬಂದ ಮೇಲೆ ಬೇಸ್‌ಮೆಂಟ್‌ನಲ್ಲಿ ಜಗಳ ಆಡುವುದು ಯಾರಿಗೂ ಬೇಡ.

4. ದಿನದ ಚಾರ್ಜಿಂಗ್

16 ಆಂಪ್ ಸಾಕೆಟ್‌ನಲ್ಲಿ ರಾತ್ರಿ ಹತ್ತು ಗಂಟೆ ಹಾಕಿದರೆ ಮೀಟರಿನಲ್ಲಿ 33 ಯೂನಿಟ್, ಬ್ಯಾಟರಿಗೆ ಹೋಗುವುದು 29–30. ಅಂದರೆ ಇನ್ನೂರು ಕಿಲೋಮೀಟರ್. ದಿನಕ್ಕೆ ಐವತ್ತು ಓಡಿಸುವವರಿಗೆ ಇದೇ ಧಾರಾಳ. ಗೋಡೆಯ ಚಾರ್ಜರ್ ಇಲ್ಲದಿದ್ದರೆ ಕಾರು ಇಡಲಾಗದು ಎಂದು ಯಾರಾದರೂ ಅಂದರೆ ನಂಬಬೇಡಿ.

ಎಷ್ಟರವರೆಗೆ ತುಂಬಿಸಬೇಕು? ಎನ್‌ಎಂಸಿ ಇದ್ದರೆ ದಿನನಿತ್ಯ ಶೇ 80ಕ್ಕೆ ನಿಲ್ಲಿಸಿ, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ 100. ಎಲ್‌ಎಫ್‌ಪಿಯಲ್ಲಿ ಇನ್ನೊಂದು ತಿರುವು ಇದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎನ್ನುವುದನ್ನು ಕಾರು ವೋಲ್ಟೇಜ್ ನೋಡಿ ಅಂದಾಜು ಮಾಡಬೇಕು. ಬ್ಯಾಟರಿ ಅಂದರೆ ಬಿಡಿ ಬಿಡಿ ಸೆಲ್‌ಗಳ ಜೋಡಣೆ; ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಶೇ 80 ಇದ್ದಾಗಲೂ ಶೇ 30 ಇದ್ದಾಗಲೂ ಹೆಚ್ಚುಕಡಿಮೆ ಒಂದೇ, 3.2–3.3 ವೋಲ್ಟ್. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಕರೆಂಟ್ ಎಣಿಸಿಕೊಂಡು ಕಾರು ಲೆಕ್ಕ ಇಡುತ್ತದೆ. ವಾರಗಟ್ಟಲೆ 80ಕ್ಕೇ ನಿಲ್ಲಿಸುತ್ತಿದ್ದರೆ ಆ ಲೆಕ್ಕ ನಿಧಾನಕ್ಕೆ ತಪ್ಪುತ್ತದೆ. ಪರದೆಯಲ್ಲಿ 18 ಇದ್ದದ್ದು ಇದ್ದಕ್ಕಿದ್ದಂತೆ 7ಕ್ಕೆ ಬೀಳುವುದು ಇದೇ ಕಾರಣಕ್ಕೆ. ಆದ್ದರಿಂದ ಎಲ್‌ಎಫ್‌ಪಿ ಕಾರನ್ನು ಆಗಾಗ, ನಿಮ್ಮ ಕೈಪಿಡಿ ಹೇಳಿದ ಅಂತರದಲ್ಲಿ, ಮನೆಯ ನಿಧಾನದ ಚಾರ್ಜರ್‌ನಲ್ಲಿ 100ರವರೆಗೆ ತುಂಬಿಸಿ. ಪರದೆ 100 ತೋರಿಸಿದ ತಕ್ಷಣ ಗನ್ ಕೀಳಬೇಡಿ. ತಾನಾಗಿ ನಿಲ್ಲುವವರೆಗೂ ಬಿಟ್ಟರೆ ಸೆಲ್‌ಗಳು ಒಂದೇ ಮಟ್ಟಕ್ಕೆ ಬರುತ್ತವೆ.

ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ಬಂದ ಕಾರಿಗೆ ತಕ್ಷಣ ಗನ್ ಹಾಕುವ ಅವಸರ ಬೇಡ. ರಾತ್ರಿ ಹಾಕಿ. ಟೈಮರ್ ಇದ್ದರೆ ಬೆಳಿಗ್ಗೆ ಹೊರಡುವ ಹೊತ್ತಿಗೆ ಮುಗಿಯುವಂತೆ ಇಡಿ, ತುಂಬಿದ ಬ್ಯಾಟರಿ ಸುಮ್ನೆ ನಿಲ್ಲುವುದು ತಪ್ಪುತ್ತದೆ. ಮದುವೆಗೋ ಮಗಳ ಬಾಣಂತನಕ್ಕೋ ತಿಂಗಳು ಊರಲ್ಲಿ ಇರುವುದಿಲ್ಲ ಎಂದರೆ ಶೇ 50ರ ಆಸುಪಾಸಿನಲ್ಲಿ ನೆರಳಲ್ಲಿ ನಿಲ್ಲಿಸಿ ಹೋಗಿ. ಶೇ 3ರಲ್ಲಿ ಬಿಟ್ಟುಹೋಗುವುದು 100ರಲ್ಲಿ ಬಿಡುವುದಕ್ಕಿಂತ ಅಪಾಯ. ನಿಂತಲ್ಲೇ ಚೂರುಚೂರು ಇಳಿದು ಸೆಲ್ ಪೂರ್ತಿ ಬರಿದಾದರೆ ಅದು ಚೇತರಿಸಿಕೊಳ್ಳುವುದು ಕಷ್ಟ.

5. ಹೆದ್ದಾರಿಯಲ್ಲಿ, ಘಾಟಿಯಲ್ಲಿ

ರಸ್ತೆಬದಿಯ ಫಾಸ್ಟ್ ಚಾರ್ಜರ್‌ನಲ್ಲಿ ಶೇ 80 ಆದ ಮೇಲೆ ವೇಗ ಬಿದ್ದುಹೋಗುತ್ತದೆ. ತುಂಬುತ್ತಾ ಬಂದ ಸೆಲ್‌ಗೆ ಜೋರಾಗಿ ನೂಕಿದರೆ ಲಿಥಿಯಂ ಒಳಗೆ ಸೇರದೆ ಮೇಲೆ ಲೋಹವಾಗಿ ಕೂರುತ್ತದೆ, ಅದು ಬ್ಯಾಟರಿಗೆ ಶಾಶ್ವತ ಹಾನಿ. ಅದಕ್ಕೇ ಕಾರು ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. 80ಕ್ಕೆ ಗನ್ ತೆಗೆದು ಹೊರಡಿ, ನಿಮ್ಮ ಹಿಂದೆ ಕಾಯುತ್ತಿರುವವರೂ ಹರಸುತ್ತಾರೆ. ಫಾಸ್ಟ್ ಚಾರ್ಜ್ ಆಗಾಗ ಮಾಡಿದರೆ ಏನೂ ಆಗುವುದಿಲ್ಲ. ದಿನಾ ಅದನ್ನೇ ನೆಚ್ಚಿಕೊಂಡರೆ ಬ್ಯಾಟರಿಗೂ ಭಾರ, ಜೇಬಿಗೂ ಭಾರ. ಅಲ್ಲಿನ ದರ ಮನೆಯ ದರದ ಮೂರು ಪಟ್ಟಿಗೂ ಮೇಲೆ.

ಬೆಂಗಳೂರಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಮನೆಯಲ್ಲಿ 100 ತುಂಬಿಸಿ ಹೊರಟು, ಹಾಸನದಲ್ಲಿ ತಿಂಡಿ ತಿನ್ನುವಾಗ ಚಾರ್ಜಿಗೆ ಹಾಕುವುದು ಸಾಮಾನ್ಯ ಕ್ರಮ. ಒಂದೇ ಜಾಗ ನಂಬಿಕೊಂಡು ಹೋಗಬೇಡಿ. ಗನ್ ಕೆಟ್ಟಿರಬಹುದು, ಕರೆಂಟ್ ಹೋಗಿರಬಹುದು. ಮುಂದಿನ ಚಾರ್ಜರ್ ತಲುಪುವಷ್ಟು ಉಳಿದಿರುವಾಗಲೇ ನಿಲ್ಲಿಸಿ.

ಘಾಟಿಯ ಲೆಕ್ಕ ಸ್ವಾರಸ್ಯವಾಗಿದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಜನ ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ ಹೆಚ್ಚಿಗೆ ಬೇಕು. ಮಂಗಳೂರು ಕಡೆಯಿಂದ ಬರುವಾಗ 30 ಕಿಲೋಮೀಟರ್ ರೇಂಜ್ ಕಡಿಮೆ ಎಂದು ಮೊದಲೇ ಕಳೆದುಬಿಡಿ. ಇಳಿಯುವಾಗ ಮೋಟಾರೇ ಬ್ರೇಕ್ ಆಗಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಆದರೆ ಬ್ಯಾಟರಿ 100 ಇದ್ದರೆ ತುಂಬಲು ಜಾಗ ಇಲ್ಲ, ಮೋಟಾರ್ ಬ್ರೇಕ್ ಕೆಲಸ ಮಾಡುವುದಿಲ್ಲ, ಪೂರ್ತಿ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಮಡಿಕೇರಿಯ ಹೋಂಸ್ಟೇಯಲ್ಲಿ ರಾತ್ರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ಸಂಪಾಜೆ ಕಡೆ ಇಳಿಯುವವರು 85–90ಕ್ಕೆ ನಿಲ್ಲಿಸಿಕೊಳ್ಳಿ. ಆಗುಂಬೆ, ಚಾರ್ಮಾಡಿಗೂ ಇದೇ ಮಾತು.

6. ಮಳೆ, ಹಂಪ್, ಕೂಲಂಟ್

ಬ್ಯಾಟರಿ ಇರುವುದು ಕಾರಿನ ತಳದಲ್ಲಿ. ನಮ್ಮ ಬೀದಿಗಳ ಅವೈಜ್ಞಾನಿಕ ಹಂಪ್‌ಗಳಿಗೆ ಅದು ಉಜ್ಜಿದ ಸದ್ದು ಕೇಳಿದರೆ ಎದೆ ಝಲ್ ಅನ್ನುತ್ತದೆ. ಸಣ್ಣ ಗೀರು ಪರವಾಗಿಲ್ಲ. ಕಲ್ಲು ಜೋರಾಗಿ ಬಡಿದಿದ್ದರೆ ಮಾತ್ರ ಕಾರು ಎತ್ತಿಸಿ ತಳ ನೋಡಿಸಿ, ನೆಗ್ಗಿದೆಯೋ, ಕೂಲಂಟ್ ಸೋರುತ್ತಿದೆಯೋ ಅಂತ. ಕೂಲಂಟ್ ಕಡಿಮೆಯಾದರೆ ನಲ್ಲಿ ನೀರು ಸುರಿಯಬೇಡಿ. ಕೈಪಿಡಿ ಹೇಳಿದ್ದನ್ನೇ ಹಾಕಿಸಿ.

ಮಳೆಯಲ್ಲಿ ಚಾರ್ಜ್ ಮಾಡಬಹುದು. ಸಾಕೆಟ್ ಮೇಲೆ ಮಾತ್ರ ನೀರು ಬೀಳಬಾರದು. ಬ್ಯಾಟರಿಗೆ ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅರ್ಥ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು ಕಡೆ ಆದ ಹಾಗೆ ರಾತ್ರಿಯಿಡೀ ಮುಳುಗಿದ ಕಾರಿಗೆ ಆ ಭರವಸೆ ಇಲ್ಲ. ಅಂಥ ಕಾರನ್ನು ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಮನೆಗೆ ತಾಗಿಕೊಂಡೂ ನಿಲ್ಲಿಸಬೇಡಿ. ಗಾಡಿ ಕರೆಸಿ ಹೊರಿಸಿಕೊಂಡು ಹೋಗಿ.

ಇನ್ನೊಂದು ಸಣ್ಣ ಬ್ಯಾಟರಿ ಇದೆ, ಎಲ್ಲರೂ ಮರೆಯುವುದು ಅದನ್ನೇ. ಬಾಗಿಲು, ಪರದೆ, ಕಂಪ್ಯೂಟರ್ ಎಲ್ಲ ನಡೆಯುವುದು ಮಾಮೂಲಿ 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ದೊಡ್ಡ ಬ್ಯಾಟರಿ 90 ಇದ್ದರೂ ಕಾರು ಏಳುವುದಿಲ್ಲ. ಮೂರು ನಾಲ್ಕು ವರ್ಷ ಆದ ಮೇಲೆ ಸರ್ವಿಸ್‌ನಲ್ಲಿ ಅದನ್ನು ಪರೀಕ್ಷೆ ಮಾಡಿಸಿ.

7. ವಾರಂಟಿ, ಸೆಕೆಂಡ್ ಹ್ಯಾಂಡ್

ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. ಈಚೆಗೆ ಕೆಲವರು ಲೈಫ್‌ಟೈಮ್ ಎನ್ನುತ್ತಾರೆ. ಅದು ಹೆಚ್ಚಾಗಿ ಮೊದಲ ಮಾಲೀಕರಿಗೆ, ಸ್ವಂತ ಬಳಕೆಯ ಕಾರಿಗೆ ಮಾತ್ರ. ಟ್ಯಾಕ್ಸಿಗೆ ಹಾಕಿದರೆ ಇಲ್ಲ, ಮಾರಿದರೆ ಷರತ್ತು ಬದಲಾಗುತ್ತದೆ. ಬ್ಯಾಟರಿಯ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎನ್ನುವುದನ್ನೂ ಓದಿಕೊಳ್ಳಿ. ಸಾಮಾನ್ಯವಾಗಿ ಶೇ 70 ಎಂದಿರುತ್ತದೆ.

ಹಳೇ ಕಾರು ಕೊಳ್ಳುವುದಾದರೆ ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ಆರೋಗ್ಯದ ವರದಿ ಕೇಳಿ. ಕೊಡದಿದ್ದರೆ ಒಂದು ರಾತ್ರಿಯ ಪರೀಕ್ಷೆ ಸಾಕು. ಶೇ 20ಕ್ಕೆ ಇಳಿಸಿ, ಯೂನಿಟ್ ತೋರಿಸುವ ಮೀಟರ್ ಹಾಕಿದ ಲೈನ್‌ನಲ್ಲಿ 100ರವರೆಗೆ ಚಾರ್ಜ್ ಮಾಡಿ. 40 ಯೂನಿಟ್ ಬ್ಯಾಟರಿ ಹೊಸದಿದ್ದಾಗ 32 ಯೂನಿಟ್ ಒಳಗೆ ಹೋಗಬೇಕು, ನಷ್ಟ ಸೇರಿ ಮೀಟರಿನಲ್ಲಿ 36ರ ಸುಮಾರು ಬರಬೇಕು. 30ಕ್ಕೇ ನಿಂತರೆ ಬ್ಯಾಟರಿಯಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಶೇ 83. ಅಂದಾಜು ಲೆಕ್ಕವೇ, ಒಂದೆರಡು ಅಂಕ ಆಚೀಚೆ ಆಗಬಹುದು. ಆದರೂ ಮಾರುವವರು "ಬ್ಯಾಟರಿ ಹೊಸದರ ಹಾಗೇ ಇದೆ" ಎಂದಾಗ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ. ದುಡ್ಡು ಕೊಡುವ ಮುಂಚೆ ವಾರಂಟಿ ನಿಮ್ಮ ಹೆಸರಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಉಳಿಯುತ್ತದೆ ಎಂದು ಕಂಪನಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಬ್ಯಾಟರಿ ಬಾಡಿಗೆಯ ಕಾರಾಗಿದ್ದರೆ ಆ ಬಾಡಿಗೆಯ ಬಾಕಿ ತೀರಿದೆಯೇ ಎಂದೂ ನೋಡಿಕೊಳ್ಳಿ.